ಸಾಲಿನಲ್ಲಿ ನಿಂತವನಿಗೆ ಎರಡು ಅಂಕ

ಚಳ್ಳಕೆರೆಯ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮೇಷ್ಟ್ರಾಗಿದ್ದೆ. ಅಂಕ ಕೊಡುವುದರಲ್ಲಿ ನನ್ನದೊಂದು ಪದ್ಧತಿ ಇತ್ತು. ಹಗ್ಗ ದಾಟಲಾರದ ಹುಡುಗನೂ ಬಿಳಿ ಅಂಗಿ ತೊಟ್ಟು, ಹೊತ್ತಿಗೆ ಸರಿಯಾಗಿ ಬಂದು ಸಾಲಿನಲ್ಲಿ ನಿಂತರೆ ಐದಕ್ಕೆ ಎರಡು. ಯಾರಿಗೂ ಸೊನ್ನೆ ಹಾಕಿದವನಲ್ಲ. ನಿವೃತ್ತಿಯ ಮೇಲೂ ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಎಂಟಕ್ಕೆ ರೊಟ್ಟಿ ತಪ್ಪಲಿಲ್ಲ. ಆ ಪದ್ಧತಿಯೂ ಬಿಡಲಿಲ್ಲ.

ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಕ್ಯಾನ್ಸರ್ ಎಂದು ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆದರು. ಜೀವ ಉಳಿಯಿತು. ನಾಲ್ಕು ತಿಂಗಳಿಗೆ ಮೂತ್ರವೂ ಹತೋಟಿಗೆ ಬಂತು. ಬಾರದೆ ಉಳಿದದ್ದು ಒಂದೇ. ನಾನೂ ನನ್ನ ಹೆಂಡತಿಯೂ ಆ ವಯಸ್ಸಿನಲ್ಲೂ ಗಂಡಹೆಂಡಿರ ಸುಖ ಬಿಟ್ಟವರಾಗಿರಲಿಲ್ಲ. ಅದು ಮರಳಲಿ ಎಂದು ಇಬ್ಬರಿಗೂ ಆಸೆಯಿತ್ತು.

ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋದಾಗ ಒಂದು ಕಾಗದ ಕೊಡುತ್ತಿದ್ದರು. ಅಂಗ ನಿಮಿರುತ್ತದೆಯೇ, ಕೂಡುವಷ್ಟು ಹೊತ್ತು ನಿಲ್ಲುತ್ತದೆಯೇ, ನಿಮಗೆ ತೃಪ್ತಿಯಿದೆಯೇ, ಹೆಂಡತಿಗೆ ತೃಪ್ತಿಯಿದೆಯೇ. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ನಿಜ ಹೇಳಬೇಕೆಂದರೆ ಏನೂ ಆಗುತ್ತಿರಲಿಲ್ಲ. ಆದರೆ ಪ್ರಯತ್ನ ಮಾಡಿದ್ದೆನಲ್ಲ. ಎಲ್ಲದಕ್ಕೂ ಎರಡು ಹಾಕುತ್ತಿದ್ದೆ. ಹೆಂಡತಿಯ ಸಾಲಿಗೆ ಮೂರು; ಅವಳು ಒಂದು ದಿನವೂ ದೂರಿರಲಿಲ್ಲ.

ಡಾಕ್ಟರು ಪ್ರತಿ ಸಲವೂ ಕಾಗದ ನೋಡಿ, "ನಿಧಾನಕ್ಕೆ ಬರ್ತಾ ಇದೆ ಸಾರ್, ಇನ್ನಷ್ಟು ದಿನ ನೋಡೋಣ" ಎನ್ನುತ್ತಿದ್ದರು.

ಎರಡು ವರ್ಷ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಮೊಳಕಾಲ್ಮೂರಿನ ನೇಕಾರನೊಬ್ಬ ಸಿಕ್ಕ. ನನಗಾದ ವಾರದಲ್ಲೇ ಅದೇ ಆಪರೇಷನ್ ಆದವನು, ಆಗ ಪಕ್ಕದ ಮಂಚದಲ್ಲಿದ್ದವನು. ನನ್ನ ಕೈಯ ಕಾಗದವನ್ನು ಇಣುಕಿ ನೋಡಿದ.

"ಏನ್ ಮೇಷ್ಟ್ರೇ, ಎಲ್ಲಾ ಎರಡು? ಪರ್ವಾಗಿಲ್ಲ, ಏನೋ ಸ್ವಲ್ಪ ಐತೆ ಅನ್ರಿ."

"ಏನೂ ಇಲ್ಲಪ್ಪ. ಪ್ರಯತ್ನಕ್ಕೆ ಹಾಕಿದ್ದು."

ಅವನು ನಕ್ಕ. "ಇದೇನು ನಿಮ್ಮ ಪಿ.ಟಿ. ಪೀರಿಯಡ್ಡಾ? ನಾನು ಮೊದಲ್ನೇ ಸಲವೇ ಸಾಲಾಗಿ ಸೊನ್ನೆ ಜಡಿದೆ. ಅವತ್ತೇ ಮಾತ್ರೆ ಬರೆದ್ರು, ಗಾಳಿ ಎಳೆಯೋ ಪಂಪ್ ಹೆಂಗೆ ಹಾಕ್ಕೋಬೇಕು ಅಂತ ಹೇಳಿಕೊಟ್ರು. ಈಗ ಮೂರಕ್ಕೆ ಬಂದೈತೆ. ನಮ್ಮಾಕೆ ಮಗ್ಗದ ಮುಂದೆ ಕೂತು ಸುಮ್ಮಸುಮ್ಮನೆ ನಗ್ತಾಳೆ."

ಒಳಗೆ ಹೋಗಿ ಡಾಕ್ಟರಿಗೆ ಇದ್ದದ್ದು ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಹಳೆಯ ಕಾಗದಗಳನ್ನೆಲ್ಲ ತಿರುವಿದರು. "ಮೊದಲ ವರ್ಷವೇ ಶುರು ಮಾಡಬೇಕಿತ್ತು ಸಾರ್. ಈಗಲೂ ಮಾತ್ರೆ, ಪಂಪ್ ಎರಡೂ ಕೊಡ್ತೀನಿ, ಆದ್ರೆ ತಡವಾಗಿದೆ. ಜಾಸ್ತಿ ಆಸೆ ಇಟ್ಕೋಬೇಡಿ."

ಮನೆಗೆ ಬಂದಾಗ ಹೆಂಡತಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನನ್ನ ಸಾಲಿಗೆ ಎಷ್ಟು ಹಾಕಿದ್ರಿ?"

"ಮೂರು."

"ನನ್ನ ಕೇಳಿದ್ರಾ?"

"ಇಲ್ಲ."

ಇನ್ನೂ ನಾಲ್ಕು ಕಾಯಿ ಒಡೆದಳು. "ಕೇಳಿದ್ರೆ ಸೊನ್ನೆ ಅಂತಿದ್ದೆ. ಅವಾಗ್ಲೇ ಮಾತ್ರೆ ಸಿಗ್ತಿತ್ತು."

ಮೊರ ಎತ್ತಿಕೊಂಡು ಒಳಗೆ ಹೋದಳು. ಆಪರೇಷನ್ ಆಗಿ ಮನೆಗೆ ಬಂದಾಗ ನನ್ನ ಮಂಚದ ಪಕ್ಕ ಹಾಸಿದ್ದ ಅವಳ ಹಾಸಿಗೆ ನಡುಮನೆಗೆ ಹೋಗಿ ಎಷ್ಟು ಕಾಲವಾಯಿತೋ, ಗಡಿಯಾರ ನೋಡಿ ಬದುಕುವ ನನಗೆ ನೆನಪಾಗಲಿಲ್ಲ.

ಮೂರು ತಿಂಗಳು ಮಾತ್ರೆ ನುಂಗಿದೆ, ಹೇಳಿದ ಹೊತ್ತಿಗೆ ಪಂಪ್ ಹಾಕಿದೆ. ಒಂದು ದಿನವೂ ತಪ್ಪಿಸಲಿಲ್ಲ. ಏನೂ ಆಗಲಿಲ್ಲ. ಮುಂದಿನ ಕಾಗದದಲ್ಲಿ ಎಲ್ಲದಕ್ಕೂ ಸೊನ್ನೆ ಬರೆದೆ. ಅವಳ ಸಾಲನ್ನು ಅವಳನ್ನೇ ಕೇಳಿ ಬರೆದೆ. ಡಾಕ್ಟರು ಓದಿ, ಮಡಿಸಿ ಫೈಲಿಗೆ ಸೇರಿಸಿದರು.

"ಇನ್ನು ಮುಂದೆ ಈ ಕಾಗದ ತುಂಬೋದು ಬೇಡ ಸಾರ್. ಕ್ಯಾನ್ಸರಿನ ರಕ್ತ ಪರೀಕ್ಷೆಗೆ ಮಾತ್ರ ಬನ್ನಿ" ಎಂದರು.