ಹುಣಸೆಹಣ್ಣು ಹಾಕಿ ತಿಕ್ಕಿದ ಎಣ್ಣೆ ಜಗ್ಗು

ಇಂಗ್ಲೆಂಡಿನ ಡರ್ಬಿಯಲ್ಲಿ ಮಗಳ ಮನೆಯಲ್ಲಿದ್ದಾಗ ನಾನು ಮಾಡಿದ ಒಂದು ಕೆಲಸ ನೆನೆದರೆ ಈಗಲೂ ತಲೆ ತಗ್ಗುತ್ತದೆ. ಓದಿದ್ದು ಮೂರನೇ ಕ್ಲಾಸು. ಬಂದಷ್ಟು ಬರೆಯುತ್ತೇನೆ.

ಪಕ್ಕದ ಮನೆಯ ಮುದುಕನಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವನ ಅಪ್ಪ ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ರೇಸು ಕಾರುಗಳ ಮೆಕ್ಯಾನಿಕ್ ಆಗಿದ್ದನಂತೆ. ಅದು ಇಪ್ಪತ್ನಾಲ್ಕು ಗಂಟೆಯ ರೇಸು. ರಾತ್ರಿ ಸದ್ದು ಬೇಡವೆಂದು ಸುತ್ತಲಿನವರು ತಕರಾರು ತೆಗೆದದ್ದಕ್ಕೆ ಹನ್ನೆರಡು ಹನ್ನೆರಡು ಗಂಟೆಯಂತೆ ಎರಡು ಹಗಲು ಓಡಿಸಿ, ನಡುವೆ ಕಾರುಗಳಿಗೆ ಬೀಗ ಹಾಕುತ್ತಿದ್ದರಂತೆ. ಕಾರು ಬಂದು ನಿಂತಾಗಲೆಲ್ಲ ಆ ಅಪ್ಪ ಹಿತ್ತಾಳೆ ಜಗ್ಗಿನಿಂದ ಎಣ್ಣೆ ಹೊಯ್ಯುತ್ತಿದ್ದ. ಇದನ್ನೆಲ್ಲ ಅಳಿಯ ನನಗೆ ಹೇಳಿದ್ದು ಆಮೇಲೆ.

ಅಳಿಯ ಇಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್. ಅದೇ ಜಗ್ಗಿನ ಹಿಡಿ ಸಡಿಲವಾಗಿದೆ, ನೋಡಿಕೊಡು ಎಂದು ಮುದುಕ ತಂದುಕೊಟ್ಟಿದ್ದ. ಅಳಿಯ ಅದನ್ನು ಬಿಗಿಮಾಡಿ, ಅಡುಗೆಮನೆಯಲ್ಲಿಟ್ಟು ಕೆಲಸಕ್ಕೆ ಹೋದ. ನನ್ನ ಕಣ್ಣಿಗೆ ಬಿದ್ದದ್ದು ಮಸಿ ಹಿಡಿದ ಹಿತ್ತಾಳೆ. ನೆರೆಮನೆಯ ಪಾತ್ರೆಯನ್ನು ಕೊಳಕಾಗಿ, ಬರಿದಾಗಿ ಹಿಂದಿರುಗಿಸುವ ಹೆಂಗಸು ನಾನಲ್ಲ. ಹುಣಸೆಹಣ್ಣು, ಉಪ್ಪು, ತಂತಿ ನಾರು ಹಾಕಿ ತಿಕ್ಕಿದೆ. ಜಗ್ಗಿನ ಹೊಟ್ಟೆಯ ಮೇಲೆ ನಾಲ್ಕು ಬೆರಳು, ಒಂದು ಹೆಬ್ಬೆಟ್ಟಿನ ಕಪ್ಪು ಗುರುತಿತ್ತು. ಸುಲಭಕ್ಕೆ ಹೋಗಲಿಲ್ಲ. ನಾನೂ ಬಿಡಲಿಲ್ಲ. ಆಮೇಲೆ ತುಂಬ ಚಕ್ಕುಲಿ ಹಾಕಿಟ್ಟೆ.

ಸಂಜೆ ಮುದುಕ ಬಂದ. ಜಗ್ಗನ್ನು ತಿರುಗಿಸಿದ, ಮತ್ತೆ ತಿರುಗಿಸಿದ, ಕಿಟಕಿಯ ಬೆಳಕಿಗೆ ಹಿಡಿದ. ಯಾರು ತೊಳೆದದ್ದು ಎಂದು ಕೇಳಿದ. ಅಳಿಯನ ಮುಖ ಬಿಳಚಿತು. ನಾನು ತಿಕ್ಕಿ ತೆಗೆದದ್ದು ಮುದುಕನ ಅಪ್ಪನ ಬಿಸಿ ಎಣ್ಣೆ ಮೆತ್ತಿದ ಕೈಯ ಗುರುತು, ಸುಟ್ಟು ಕೂತದ್ದು. ಅಷ್ಟು ವರ್ಷ ಆ ಮನೆಯಲ್ಲಿ ಯಾರೂ ಅದನ್ನು ಒರೆಸಿರಲಿಲ್ಲ. ಅಳಿಯ ತಾನೇ ತೊಳೆದೆನೆಂದು ಹೇಳಿ ಸಾರಿ ಕೇಳಿದ. ನನಗೆ ಇಂಗ್ಲಿಷ್ ಬಾರದಿದ್ದರೂ ಅಷ್ಟು ಅರ್ಥವಾಯಿತು. ಸಿಂಕಿನ ಕಡೆ ತಿರುಗಿ ತೊಳೆದ ಲೋಟವನ್ನೇ ತೊಳೆಯುತ್ತ ನಿಂತೆ.

ಅಂದಿನಿಂದ ಮುದುಕ ಅಳಿಯನ ಜೊತೆ ಮಾತು ಬಿಟ್ಟ. ನನಗೆ ಮಾತ್ರ ಬೇಲಿಯಾಚೆಯಿಂದ "ಮಾರ್ನಿಂಗ್, ಡಕ್" ಎನ್ನುತ್ತಿದ್ದ. ಡಕ್ ಎಂದರೆ ಆ ಕಡೆ ಅಕ್ಕಾ ಎಂದ ಹಾಗೆ. ಅನ್ನ ಸೇರುತ್ತಿರಲಿಲ್ಲ ನನಗೆ.

ಒಂದು ವಾರ ಕಳೆದ ಮೇಲೆ ಮೊಮ್ಮಗಳ ಕೈ ಹಿಡಿದು ಅವನ ಬಾಗಿಲಿಗೆ ಹೋದೆ.

"ನಾನೇ ತಿಕ್ಕಿದ್ದು ಅಂತ ಹೇಳೇ."

"ಅಜ್ಜಿ, ಲೀವ್ ಇಟ್. ಡ್ಯಾಡ್ ಬೇಡ ಅಂದಿದ್ದಾರೆ."

"ನಿಮ್ಮಪ್ಪನ ಮಾತು ಆಮೇಲೆ. ಹೇಳು."

ಹೇಳಿದಳು. ಮುದುಕ ನನ್ನ ಕೈಗಳನ್ನೇ ನೋಡಿ ಏನೋ ಅಂದ. ಮೊಮ್ಮಗಳು ನನ್ನ ಸೆರಗು ಹಿಡಿದು ಮನೆಯ ಕಡೆ ಎಳೆದಳು. ಏನಂದ ಹೇಳು ಎಂದು ಗದರಿದೆ.

"ಹೇಳೋಕೆ ನೀವು ಒಂದ್ ವಾರ ಯಾಕೆ ವೇಟ್ ಮಾಡಿದ್ರಿ, ಅಂತ."

ಮೊಮ್ಮಗಳ ಕೈ ಹಿಡಿದು ಮನೆಗೆ ಬಂದೆ.

ಮರುದಿನ ಬೇಲಿಯಾಚೆಯಿಂದ ಅಳಿಯನಿಗೆ "ಮಾರ್ನಿಂಗ್" ಬಂತು. ನನಗೂ ಬಂತು. ಡಕ್ ಮಾತ್ರ ಬರಲಿಲ್ಲ.