ಬಚ್ಚಲ ಮೂಲೆಯ ಮಣ್ಣು

ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಬಾಗಲಕೋಟೆಯ ನವನಗರದ ಮನೆಯಿಂದ ದಿನಾ ಬಸ್ಸು. ಇಂಗ್ಲಿಷ್ ಕಲಿಸುವುದು ಬೇರೆ, ಅದನ್ನು ಬಾಯಿಬಿಟ್ಟು ಮಾತಾಡುವುದು ಬೇರೆ ಎಂಬುದು ನಮ್ಮೂರ ಹಿರಿಯರಿಗೆ ಇವತ್ತಿಗೂ ತಿಳಿದಿಲ್ಲ. ಅದಕ್ಕೇ ಕೆಲವು ವರ್ಷಗಳ ಹಿಂದೆ, ಹೊರದೇಶದ ಒಂದು ಊರಿನ ಜೊತೆ ನಮ್ಮೂರು ಸಿಸ್ಟರ್ ಸಿಟಿ, ಅಂದರೆ ಗೆಳೆತನದ ಜೋಡಿ ಊರು, ಆಗಬೇಕೆಂದು ಒಂದಿಷ್ಟು ಜನ ಸೇರಿ ಸಮಿತಿ ಕಟ್ಟಿಕೊಂಡಾಗ, ದುಭಾಷಿ ಬೇಕೆಂದು ಸೀದಾ ನಮ್ಮ ಮನೆಗೆ ಬಂದರು. ನಾನು ಒಲ್ಲೆ ಅಂದೆ. ಅವರು ಚಹಾ ಕುಡಿದು, ಇನ್ನೊಂದು ಕಪ್ ಕೇಳಿ, ನನ್ನ ಹೆಸರು ಬರೆದುಕೊಂಡೇ ಎದ್ದರು.

ಎರಡೂ ಊರುಗಳನ್ನು ಗಂಟು ಹಾಕಿದ್ದು ನೀರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನೆಲ್ಲ ನುಂಗಿತು. ನಾವು ಎದ್ದು ಬಂದು ಸೆಕ್ಟರ್ ನಂಬರಿನ ಈ ನವನಗರದಲ್ಲಿ ಕುಳಿತೆವು. ಆ ಊರೂ ಹಾಗೆಯೇ, ಎಂದೋ ಒಂದು ಅಣೆಕಟ್ಟಿಗೆ ತಲೆಕೊಟ್ಟು ಗುಡ್ಡದ ಮೇಲೆ ಹೋಗಿ ಕುಳಿತದ್ದು. ನಮ್ಮ ಅತ್ತೆ ಈ ಸುದ್ದಿ ಕೇಳಿ ನಕ್ಕರು.

"ಮುಳುಗಿದವ್ರು ಮುಳುಗಿದವ್ರು ಕೂಡಿ ಬೀಗತನಾ ಮಾಡಾಕತ್ತಾರೇನು? ಮಾಡ್ಲಿ ಬಿಡು. ವರದಕ್ಷಿಣಿ ಕೇಳಾಂಗಿಲ್ಲ ಯಾರೂ."

ಅತ್ತೆ ಇಳಕಲ್ಲಿನ ಮಗಳು. ಮಾತು ಖಾರ, ಕೈ ಧಾರಾಳ. ನಾನೂ ಕಡಿಮೆಯವಳಲ್ಲ. ನಮ್ಮಿಬ್ಬರ ಜಗಳ ಕೇಳಿ ಪಕ್ಕದ ಮನೆಯವರು ಟಿ.ವಿ. ಸಣ್ಣ ಮಾಡುತ್ತಿದ್ದರು. ಆದರೆ ನನಗೆ ಜ್ವರ ಬಂದರೆ ಗಂಡನಿಗಿಂತ ಮೊದಲು ಹಣೆ ಮುಟ್ಟುವ ಕೈ ಅದೇ.

ಜನವರಿಯಲ್ಲಿ ಅತಿಥಿಗಳು ಬಂದರು. ಅಮೀನಗಡದಿಂದ ಕರದಂಟಿನ ಡಬ್ಬಿಗಳು ಬಂದವು, ಒಂದು ಸಭಾಭವನ ಹಿಡಿದು ಹೂವು ಕಟ್ಟಿದರು. ಅತ್ತೆ ತಮ್ಮ ಮದುವೆಯ ಕಾಲದ ಇಳಕಲ್ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕುಳಿತಿದ್ದರು. ಅತಿಥಿಗಳು ತಮ್ಮ ಮುಳುಗಿದ ಊರಿನ ಒಂದಿಷ್ಟು ಮಣ್ಣನ್ನು ನೀಲಿ ಪಿಂಗಾಣಿಯ ಗಡಿಗೆಯಲ್ಲಿ ತುಂಬಿ ತಂದಿದ್ದರು. ಅದರ ಮುಚ್ಚಳದ ಮೇಲೊಂದು ಸಣ್ಣ ಹಕ್ಕಿ. ಅದು ನಮಗೆ ಕೊಡುಗೆ; ಮುಂದೆ ನಾವೂ ನಮ್ಮ ಮುಳುಗಿದ ಓಣಿಗಳ ಮಣ್ಣು ಕೊಂಡೊಯ್ದು ಅವರಿಗೆ ಕೊಡಬೇಕು. ಗಡಿಗೆಯನ್ನು ಎಲ್ಲರ ಕೈಗೂ ದಾಟಿಸಿದರು. ಅತ್ತೆ ಅದನ್ನು ಕಣ್ಣಿಗೆ ಒತ್ತಿಕೊಂಡು ಮುಂದೆ ಕೊಟ್ಟರು.

ಆಮೇಲೆ ಅವರ ಪೈಕಿ ಬಿಳಿಕೂದಲಿನ ಒಬ್ಬ ಹೆಂಗಸು ಮಾತಾಡಲು ನಿಂತಳು. ಊರು ಬಿಡುವಾಗ ಅವಳಿನ್ನೂ ಚಿಕ್ಕವಳಂತೆ. ಅವಳು ಒಂದೊಂದೇ ವಾಕ್ಯ ಹೇಳಿ ನಿಲ್ಲುತ್ತಿದ್ದಳು, ನಾನು ಅವಳ ಮಾತನ್ನೇ ಕನ್ನಡದಲ್ಲಿ ಹೇಳುತ್ತಿದ್ದೆ: "ನೀರು ಬರುತ್ತದೆಂದು ತಿಳಿದಾಗ ನಮ್ಮೂರಿನವರು ಎಲ್ಲಕ್ಕಿಂತ ಮೊದಲು ಸಾಗಿಸಿದ್ದು ನಮ್ಮ ಸತ್ತವರನ್ನು. ಗೋರಿಗಳನ್ನು ಅಗೆದು ಒಬ್ಬೊಬ್ಬರನ್ನೇ ಎತ್ತಿಕೊಂಡು ಗುಡ್ಡದ ಮೇಲೆ ಹೋಗಿ ಮತ್ತೆ ಮಣ್ಣು ಮಾಡಿದೆವು. ಎಳೆಯ ಮಕ್ಕಳನ್ನೂ ಬಿಡಲಿಲ್ಲ. ಅವರೆಲ್ಲ ಒಣ ನೆಲದಲ್ಲಿ ಮಲಗಿದ ಮೇಲೆ ನಾವು ಮನೆ ಖಾಲಿ ಮಾಡಿದೆವು."

ನಾನು ಇದನ್ನು ಹೇಳಿ ಮುಗಿಸಿದಾಗ ಸಭೆಯಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ಹೊಡೆದರು. ಅತ್ತೆಯ ಕುರ್ಚಿ ಖಾಲಿ ಇತ್ತು.

ಮರುದಿನ ಅತಿಥಿಗಳನ್ನು ಬಾದಾಮಿಗೆ ಕರೆದೊಯ್ಯುವುದಿತ್ತು. ಅತ್ತೆ ಬರುತ್ತೇನೆಂದು ಶೇಂಗಾ ಹೋಳಿಗೆ ಮಾಡಿಟ್ಟಿದ್ದರು. ಬೆಳಿಗ್ಗೆ ಮಂಡಿನೋವು ಅಂದರು. ನಾನು ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಅತಿಥಿಗಳಿಗೆ ಹೋಳಿಗೆ ಹಂಚಿ, ಅದರ ಹೆಸರು ಹೇಳಿಕೊಟ್ಟು ಸಂಜೆ ಮನೆಗೆ ಬಂದರೆ, ಅವರು ಬಚ್ಚಲ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ದೀಪ ಹಾಕಿರಲಿಲ್ಲ.

"ಅಕಿ ಹೇಳಿದ್ದು ಖರೇನ? ಸತ್ತವ್ರನ್ನ ಎತ್ಕೊಂಡ ಹೋದ್ರಂತ?"

"ಖರೇನ ಇರ್ಬೇಕ್ರಿ ಅತ್ತಿ. ಸುಳ್ಳ ಹೇಳಾಕ ಅಷ್ಟು ದೂರದಿಂದ ಬರ್ತಾಳೇನು?"

ಅವರು ನಗಲಿಲ್ಲ. ಆಗ ಹೇಳಿದರು. ನನ್ನ ಗಂಡನಿಗಿಂತ ಮೊದಲು ಒಂದು ಹೆಣ್ಣು ಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಯಿತು. ಅಷ್ಟು ಎಳೆಯ ಕೂಸನ್ನು ಅವರ ಮನೆತನದಲ್ಲಿ ಊರ ಹೊರಗೆ ಒಯ್ಯುತ್ತಿರಲಿಲ್ಲ. ಹಳೆ ಊರಿನ ಮನೆಯ ಹಿತ್ತಲಲ್ಲಿ, ಬಚ್ಚಲಿನ ನೀರು ಹೊರಗೆ ಹರಿಯುವ ಮೂಲೆಯಲ್ಲಿ, ನಮ್ಮ ಮಾವನವರೇ ಕುಣಿ ತೋಡಿ ಮಣ್ಣು ಮಾಡಿದರು.

"ಅಲ್ಲಿ ದಿನಾ ಬಿಸಿನೀರು ಹರೀತೈತಿ, ಕೂಸಿಗೆ ಥಂಡಿ ಆಗೂದಿಲ್ಲ ಅಂತ ನಮ್ಮತ್ತಿ ಅಂದ್ಲು. ನಾ ಮಕ್ಕಳಿಗೆ ಎರದಾಗೆಲ್ಲ ಕಡೀ ತಂಬಿಗಿ ಆ ಮೂಲಿಗೆ ಹಾಕ್ತಿದ್ನಿ. ಊರ ಬಿಡೂತನಕ ಹಾಕೇನಿ."

ಆ ಕೊನೆಯ ತಂಬಿಗೆ ನನ್ನ ಗಂಡನಿಗೂ ನೆನಪಿದೆ. ದೇವರ ಪಾಲು ಇರಬೇಕು ಅಂದುಕೊಂಡಿದ್ದನಂತೆ.

"ತೊಲಿ ಒಯ್ದ್ವಿ. ಬಾಗಲಾ ಒಯ್ದ್ವಿ. ಬೀಸೂಕಲ್ಲು ಒಯ್ದ್ವಿ," ಎಂದರು. "ಅದನ್ನ ಎತ್ಕೊಂಡ ಹೋಗಬಹುದು ಅನ್ನೂದು ನನಗ ಹೊಳೀಲೇ ಇಲ್ಲ ನೋಡು. ಯಾರೂ ಹೇಳ್ಲಿಲ್ಲ."

ನನಗೆ ಆ ಬಿಳಿಕೂದಲಿನ ಹೆಂಗಸಿನ ಮೇಲೆ ವಿಪರೀತ ಸಿಟ್ಟು ಬಂತು. ಅವಳ ತಪ್ಪೇನೂ ಇಲ್ಲ, ಗೊತ್ತು. ಆದರೂ ಬಂತು. ಅಷ್ಟು ವರ್ಷ ಒಬ್ಬ ಹೆಂಗಸು ಹೇಗೋ ಮುಚ್ಚಿಟ್ಟುಕೊಂಡು ಬದುಕಿದ್ದನ್ನು, ಸ್ನೇಹದ ಹೆಸರಿನಲ್ಲಿ ಬಂದು, ಹೂವಿನ ಹಾರ ಹಾಕಿಕೊಂಡು, ನನ್ನ ಬಾಯಿಂದಲೇ ಬಿಚ್ಚಿಸಿ ಹೋದಳು.

ಮೇ ತಿಂಗಳಲ್ಲಿ ಹಿನ್ನೀರು ಇಳಿಯಿತು. ಬೇಸಿಗೆಯಲ್ಲಿ ನೀರು ಸರಿದಾಗ ನಮ್ಮ ಜನ ಹಳೆ ಊರಿಗೆ ಹೋಗಿ ತಮ್ಮ ತಮ್ಮ ಮನೆಯ ಗುರುತು ಹುಡುಕುವುದುಂಟು. ಇಲ್ಲಿ ಪಡಸಾಲೆ, ಇಲ್ಲಿ ದೇವರಮನೆ ಎಂದು ಬಯಲಿನಲ್ಲಿ ನಿಂತು ಮಕ್ಕಳಿಗೆ ತೋರಿಸುತ್ತಾರೆ, ಮಕ್ಕಳು ಮೊಬೈಲು ನೋಡುತ್ತಿರುತ್ತಾರೆ. ಅತ್ತೆ ಎಂದೂ ಬಂದವರಲ್ಲ. ಆ ವರ್ಷ ತಾವೇ ನನ್ನನ್ನು ಎಬ್ಬಿಸಿ ಕರೆದೊಯ್ದರು. ಗೋಡೆಯೊಂದೂ ಇರಲಿಲ್ಲ. ಬಿರಿದ ಕೆಸರಿನಲ್ಲಿ ಅವರು ಯಾರನ್ನೂ ಕೇಳದೆ ನಡೆದು, ಬಚ್ಚಲಿನ ಹಾಸುಗಲ್ಲು ಇದ್ದಲ್ಲಿ ಹೋಗಿ ಕುಳಿತರು. ಕಲ್ಲಿನ ಮಗ್ಗುಲು ಕೈಯಿಂದಲೇ ಕೆದರಿದರು. ನಾನು ಕುರುಪಿ ಕೊಡಲು ಹೋದರೆ ಬೇಡವೆಂದರು, ಕಬ್ಬಿಣ ಹಚ್ಚಬಾರದಂತೆ. ಕೆಸರು ಹೋಗಿ ಕರಿ ಮಣ್ಣು ಬಂತು. ಮಣ್ಣಲ್ಲದೆ ಬೇರೇನೂ ಇರಲಿಲ್ಲ. ಅದನ್ನೇ ಒಂದು ಹಳೆ ಸೀರೆಯ ಕೆಂಪು ಸೆರಗಿನಲ್ಲಿ ಕಟ್ಟಿಕೊಂಡರು.

ಹೊಲದ ಬದುವಿಗೋ ಗುಡಿಯ ಹಿಂದಕ್ಕೋ ಒಯ್ಯುತ್ತಾರೆ ಎಂದು ನಾನು ಎಣಿಸಿದ್ದೆ. ಜೂನಿನಲ್ಲಿ ಸಮಿತಿಯವರು ಹಳೆ ಊರಿನ ಮಣ್ಣು ಕೂಡಿಸಲು ತಾಮ್ರದ ಗಿಂಡಿ ಹಿಡಿದು ಮನೆಮನೆಗೆ ಬಂದಾಗ ಅತ್ತೆ ಒಳಗಿಂದ ಆ ಗಂಟನ್ನೇ ತಂದು ಸುರಿದರು. "ನಮ್ಮ ಮನಿ ಮಣ್ಣು" ಅಂದರು, ಅಷ್ಟೇ. ಸಮಿತಿಯವರು ಹೋದ ಮೇಲೆ, ಯಾಕೆ ಕೊಟ್ಟಿರಿ ಎಂದು ಕೇಳಿದೆ.

"ಅಲ್ಲಿ ಕೂಸುಗೋಳನ್ನ ಗುಡ್ಡದ ಮ್ಯಾಲೆ ಒಣಾ ನೆಲದಾಗ ಇಟ್ಟಾರಂತಲ್ಲ. ಅವರ ಜೋಡಿ ಇರ್ಲಿ. ನಾ ಇಟ್ಟಲ್ಲಿ ನೀರ ಬಂತು."

ಗಿಂಡಿ ವಿಮಾನ ಹತ್ತಿ ಹೋಯಿತು. ಅತ್ತೆ ಹಗುರಾದರು. ನನ್ನ ಜೊತೆ ಮೊದಲಿನಂತೆ ಜಗಳಕ್ಕೆ ಬಿದ್ದರು, ಸಾರಿಗೆ ಉಪ್ಪು ಕಡಿಮೆ ಅಂದರು, ನಾನು ನೀವೇ ಮಾಡ್ಕೋರಿ ಅಂದೆ. ನನಗೂ ಖುಷಿಯಾಗಿತ್ತು.

ಡಿಸೆಂಬರಿನಲ್ಲಿ ಆ ಬಿಳಿಕೂದಲಿನ ಹೆಂಗಸು ನನ್ನ ಮೊಬೈಲಿಗೆ ಒಂದು ವೀಡಿಯೊ ಕಳಿಸಿದಳು. ಅವರ ಊರಲ್ಲಿ ಹಿಮ ಬೀಳುತ್ತಿತ್ತು. ಮನೆಗಳ ಮೇಲೆ, ರಸ್ತೆಯ ಮೇಲೆ, ದೂರದ ಗುಡ್ಡದ ಮೇಲೆ ಬಿಳಿಯೋ ಬಿಳಿ. ಚಂದ ಇದೆಯೆಂದು ಅತ್ತೆಗೆ ತೋರಿಸಿದೆ.

"ಇದೇನು, ಹಿಂಜಿದ ಅರಳಿ ಹಾಸ್ಯಾರೇನು?"

"ಮಂಜುಗಡ್ಡೀರಿ. ಮುಗಲಿನಿಂದ ಹಿಂಗ ಬೀಳ್ತೈತಿ. ಭಾಳ ಥಂಡಿ ಅಲ್ಲಿ."

ಅವರು ಮೊಬೈಲನ್ನು ನನ್ನ ಕೈಗೆ ತಿರುಗಿ ಕೊಟ್ಟರು. "ಥಂಡಿ ಊರು ಅಂತ ನೀ ಹೇಳ್ಲೇ ಇಲ್ಲಲ್ಲ," ಅಂದರು. ಬೈಗುಳವಾಗಿದ್ದರೆ ನಾನು ತಿರುಗಿ ಬಯ್ಯುತ್ತಿದ್ದೆ. ಅದು ಬೈಗುಳವಾಗಿರಲಿಲ್ಲ.

ಮರುದಿನದಿಂದ ಕೌದಿ ಹೊಲಿಯಲು ಕುಳಿತರು. ತಮ್ಮ ಇಳಕಲ್ ಸೀರೆಗಳ ಮೆತ್ತನೆಯ ತುಂಡುಗಳನ್ನೆಲ್ಲ ಆರಿಸಿ, ಪದರದ ಮೇಲೆ ಪದರವಿಟ್ಟು, ತೊಟ್ಟಿಲ ಅಳತೆಯ ಕೌದಿ. ಕಣ್ಣು ಮಂಜಾದ ಕಾರಣ ನೂಲನ್ನು ನಾನು ಪೋಣಿಸಿ ಕೊಡಬೇಕು. ಜನವರಿಗೆ ಅತಿಥಿಗಳು ಮತ್ತೆ ಬರುವವರಿದ್ದರು; ಅವರ ಕೈಯಲ್ಲಿ ಕಳಿಸಿದರೆ ಗುಡ್ಡದ ಮೇಲೆ ಹೊದಿಸುತ್ತಾರೆ ಎಂಬ ನಂಬಿಕೆ. ನಾನು ಬುದ್ಧಿವಂತಳಂತೆ ಏನೇನೋ ಹೇಳಲು ಹೋಗಲಿಲ್ಲ. ಸೂಜಿಗೆ ನೂಲು ಪೋಣಿಸಿದೆ.

ಜನವರಿಯಲ್ಲಿ ಯಾರೂ ಬರಲಿಲ್ಲ. ಅಲ್ಲಿ ಏನೋ ಬದಲಾಯಿತಂತೆ, ಇಲ್ಲಿ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡದ ಹಾಗೆ ಜಗಳವಾಡಿಕೊಂಡರು. ಸಿಸ್ಟರ್ ಸಿಟಿಯ ಮಾತೇ ನಿಂತಿತು. ನಾನು ಆ ಹೆಂಗಸಿಗೆ ಎಲ್ಲವನ್ನೂ ಬಿಡಿಸಿ ಬರೆದೆ, ಗಿಂಡಿಯ ಮಣ್ಣನ್ನು ಎಲ್ಲಿಟ್ಟಿದ್ದೀರಿ, ಗುಡ್ಡದ ಮೇಲೆಯೇ ಹಾಕಿದಿರಾ ಎಂದು ಕೇಳಿದೆ. ಮೆಸೇಜಿನ ಪಕ್ಕ ಒಂದೇ ಟಿಕ್ಕು ಮೂಡಿ ನಿಂತಿತು, ತಲುಪಿತೆನ್ನುವ ಎರಡನೆಯದು ಬರಲೇ ಇಲ್ಲ. ಫೋನು ಹತ್ತಲಿಲ್ಲ. ಸಾಲೆಯಿಂದ ಬಂದು ನಾನು ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳುತ್ತಿದ್ದರು.

"ಬಂತೇನ?"

"ಇಲ್ರಿ."

ಕೌದಿಯನ್ನು ಮಡಚಿ ತಮ್ಮ ಟ್ರಂಕಿನಲ್ಲಿಟ್ಟರು. ಯಾರಿಗೂ ಮುಟ್ಟಗೊಡಲಿಲ್ಲ.

ಈ ಸಲದ ಏಪ್ರಿಲ್‌ನಲ್ಲಿ ಅವರ ಪಿಂಚಣಿಯ ಕಾಗದಗಳ ಝೆರಾಕ್ಸ್ ಮಾಡಿಸಲು ಇಬ್ಬರೂ ಹೋದೆವು. ಸಮಿತಿಯವರು ಮೊದಲು ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲೇ ಈಗ ಝೆರಾಕ್ಸ್ ಅಂಗಡಿ. ಬಿಸಿಗಾಳಿಗೆ ಬಾಗಿಲು ಬಡಿಯದಂತೆ ಅದಕ್ಕೊಂದು ಭಾರ ಆನಿಸಿ ಇಟ್ಟಿದ್ದರು. ನಾನು ದಾಟಿಕೊಂಡು ಒಳಗೆ ಹೋದೆ. ಅತ್ತೆ ದಾಟಲಿಲ್ಲ.

ಅದು ಅತಿಥಿಗಳು ಕೊಟ್ಟ ನೀಲಿ ಗಡಿಗೆ. ಹಕ್ಕಿಯ ಮುಚ್ಚಳ ಇರಲಿಲ್ಲ. ಮಣ್ಣಿನಲ್ಲಿ ಊದಿನಕಡ್ಡಿಯ ತುದಿಗಳು, ಎರಡು ಪೆನ್ನಿನ ಟೊಪ್ಪಿಗೆ, ಯಾರೋ ಹರಿದು ಚುಚ್ಚಿದ ಗುಟಕಾ ಚೀಟಿ.

ಅತ್ತೆ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟರು. ನಾನು ಗಾಬರಿಯಾಗಿ ಮೊಬೈಲು ತೆಗೆದು, ಇವತ್ತು ಏನಾದರಾಗಲಿ ಆ ಹೆಂಗಸಿನ ಊರಿನ ಯಾರಿಗಾದರೂ ಫೋನು ಹಚ್ಚಿಯೇ ಬಿಡುತ್ತೇನೆ ಅಂದೆ. ಅವರು ನನ್ನ ಕೈ ಹಿಡಿದರು.

"ಬ್ಯಾಡ. ನಿಮ್ಮೂರಾಗ ನಮ್ಮದು ಹೆಂಗ ಐತಿ ಅಂತ ಅವರು ಕೇಳಿದ್ರ ಏನ್ ಹೇಳ್ತೀ?"

ಅಂಗಡಿಯ ಹುಡುಗ ಒಳ್ಳೆಯವ. "ಕೋಣಿ ಹಿಡದಾಗ ಇಲ್ಲೇ ಬಿದ್ದಿತ್ರಿ ಆಯಿ, ಏನಂತ ನನಗ ಗೊತ್ತಿರ್ಲಿಲ್ರಿ," ಎಂದು ಮುಖ ಸಣ್ಣ ಮಾಡಿದ. ಬೇಕಾದರೆ ಒಯ್ಯಿರಿ ಅಂದ. ಅತ್ತೆ ಒಂದೊಂದೇ ಕಡ್ಡಿ, ಟೊಪ್ಪಿಗೆ, ಚೀಟಿ ಆರಿಸಿ ತೆಗೆದರು. ಅವುಗಳನ್ನು ಬೀದಿಗೆ ಒಗೆಯದೆ ನನ್ನ ಚೀಲಕ್ಕೆ ಹಾಕಿದರು. ಆಟೋದಲ್ಲಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗು ಮುಚ್ಚಿ ಕುಳಿತರು. ಝೆರಾಕ್ಸ್ ಕಾಗದ ಅಲ್ಲೇ ಉಳಿಯಿತು.

"ಇದರಾಗೂ ಯಾರರೆ ಸುರುವಿರಬೇಕು," ಅಂದರು ದಾರಿಯಲ್ಲಿ. "ನನ್ನಂಥಾಕಿ ಅಲ್ಲೂ ಒಬ್ಬಾಕಿ ಇದ್ದಿದ್ರ?"

ಆ ಊರಿನವರು ತಮ್ಮ ಸತ್ತವರನ್ನು ಮೊದಲೇ ಎತ್ತಿಕೊಂಡು ಹೋಗಿದ್ದಾರೆ, ಈ ಮಣ್ಣಿನಲ್ಲಿ ಯಾರೂ ಇರಲಿಕ್ಕಿಲ್ಲ ಎಂದು ನನಗೂ ಹೊಳೆದಿತ್ತು, ಅತ್ತೆಗೂ ಹೊಳೆದಿರಬೇಕು.

ಮನೆಗೆ ಬಂದವರೇ ಗಡಿಗೆಯನ್ನು ನಮ್ಮ ಬಚ್ಚಲ ಮೂಲೆಯಲ್ಲಿ ಇಳಿಸಿದರು. ಟ್ರಂಕು ತೆಗೆದು ಕೌದಿ ತಂದರು. ಥಂಡಿಗೆಂದು ಒಂದು ಚಳಿಗಾಲವಿಡೀ ಹೊಲಿದ ಕೌದಿ. ನಾನು ನೋಡುತ್ತಿದ್ದಂತೆಯೇ ಅದನ್ನು ಬಕೆಟ್ಟಿನ ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಬೇಸಿಗೆಯಲ್ಲಿ ನೀರಿನ ಹರವಿಗೆ ಹಸಿಬಟ್ಟೆ ಸುತ್ತುವ ಹಾಗೆ ಗಡಿಗೆಗೆ ಸುತ್ತಿದರು. ಕೆಂಪು ಅಂಚಿನ ಬಣ್ಣ ಸ್ವಲ್ಪ ಬಿಟ್ಟು ನೆಲದ ಮೇಲೆ ಹರಿಯಿತು.

"ಇಲ್ಲಿ ಬಿಸಲು ಭಾಳವ್ವಾ," ಅಂದರು ಗಡಿಗೆಗೆ. "ನೀ ಥಂಡಿ ಊರಾಕಿ. ಒಂದೀಟು ತಡ್ಕೋ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತುಬಿಟ್ಟೆ. ಅವರು ತಿರುಗಿ ನೋಡದೆ ಕೇಳಿದರು.

"ಅಲ್ಲಿ ಯಾರರೆ ನಮ್ಮದಕ್ಕೂ ಹಿಂಗ ಮಾಡ್ತಿರಬೇಕಲ್ಲ?"

ಎರಡೂ ಊರುಗಳ ಮಾತನ್ನು ಅತ್ತಿಂದಿತ್ತ ದಾಟಿಸಿದವಳು ನಾನು. ಈ ಸಲ ದಾಟಿಸಲು ಆಚೆಯಿಂದ ಯಾರ ಮಾತೂ ಇರಲಿಲ್ಲ.

"ಹೌದ್ರಿ ಅತ್ತಿ, ಮಾಡ್ತಿರ್ತಾರ," ಅಂದೆ.

ಅವರು ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಕೌದಿಯ ಮೇಲೆ ಸುರಿದರು.