ಅಪ್ಪನ ಎಚ್

ನಮ್ಮ ಕಾಲೇಜಿಗೆ ವೆಬ್‌ಸೈಟ್ ಮಾಡಿಕೊಟ್ಟವನು ಮದ್ದೂರಿನ ಝೆರಾಕ್ಸ್ ಅಂಗಡಿಯೊಂದರ ಮಹಡಿಯಲ್ಲಿ ಕೂರುತ್ತಿದ್ದ. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ಸಿನಲ್ಲಿ ಸಿಗುವ ಸಿದ್ಧ ವಿನ್ಯಾಸಕ್ಕೆ, ಅಂದರೆ ಥೀಮಿಗೆ, ಅವನಿಟ್ಟ ಹೆಸರು 'ಅಪ್ಪ'. ನಮಗೆ ಬೇಕಾದ ಬಣ್ಣ, ಅಳತೆಗಳ ಕೋಡು ಬರೆದುಕೊಳ್ಳಲು ಅದರ ಕೆಳಗೆ ಮಾಡಿಕೊಳ್ಳುವ ಚೈಲ್ಡ್ ಥೀಮು 'ಮಗ'.

"ಅಪ್ಪನ್ನ ಮುಟ್ಬ್ಯಾಡಿ ಮೇಷ್ಟ್ರೇ. ಅಪ್‌ಡೇಟ್ ಬಂದ್ರೆ ಬರ್ದಿದ್ದೆಲ್ಲ ತೊಳ್ಕಂಡೋಯ್ತದೆ. ಏನಿದ್ರೂವೆ ಮಗನ್ ಮ್ಯಾಲೆ ಬರೀರಿ" ಎಂದು ಹೋದಾಗಲೆಲ್ಲ ಹೇಳುತ್ತಿದ್ದ. ಅಪ್ಪನ ಫೈಲನ್ನು ಸುಮ್ಮನೆ ನೋಡಲು ತೆರೆದರೂ ಮೇಜಿನ ಕೆಳಗೆ ಚಪ್ಪಲಿ ಬಿಡುತ್ತಿದ್ದ. ನಕ್ಕರೆ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ.

ಉದ್ಘಾಟನೆಯ ದಿನ ಕಾಲೇಜಿನ ಸಭಾಂಗಣ ತುಂಬಿತ್ತು. ಪ್ರಿನ್ಸಿಪಾಲರು ಶಾಲು ಸರಿಮಾಡಿಕೊಳ್ಳುತ್ತಿದ್ದರು. ಇವನು ಕೊನೇ ಗಳಿಗೆಯಲ್ಲಿ ಹೊಸ ಮಗನನ್ನು ಹಾಕಿದ. ಈ ಮಗನ ಅಪ್ಪ ಸಿಗುತ್ತಿಲ್ಲ ಎಂದು ಕಂಪ್ಯೂಟರು ಇಂಗ್ಲಿಷಿನಲ್ಲಿ ದೂರು ಹೇಳಿತು.

ಬಗ್ಗಿ ನೋಡಿದೆ. ಅಪ್ಪನ ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ 'ಹಸಿರು' ಎಂದಿತ್ತು. ಮಗನ ಫೈಲಿನಲ್ಲಿ, ಅಪ್ಪನ ಹೆಸರು ಬರೆಯಬೇಕಾದ ಜಾಗದಲ್ಲಿ, ಇವನು ತಾನು ಮಾತಾಡುವ ಹಾಗೇ 'ಅಸಿರು' ಎಂದು ಬರೆದಿದ್ದ.

"ಒಂದು ಎಚ್ ನುಂಗಿದ್ದೀಯ ಕಣಯ್ಯ, ಹಾಕು" ಎಂದೆ.

ಅವನು ಎರಡನ್ನೂ ಗಟ್ಟಿಯಾಗಿ ಓದಿದ. "ಅಸಿರು. ಅಸಿರು. ಎಲ್ಲಿ ನುಂಗಿವ್ನಿ? ನಾನ್ ಸರ್ಯಾಗೇ ಬರ್ದಿವ್ನಿ. ತೆಪ್ಪು ಅಪ್ಪಂದೇಯ."

ಹಾಗೆಂದವನೇ ಅಪ್ಪನ ಫೋಲ್ಡರಿಗೆ ಕೈ ಹಾಕಿ ಅದರ ಎಚ್ ಅಳಿಸಿಬಿಟ್ಟ. ಸೈಟು ತೆರೆದುಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಮಾತ್ರ ಮೇಜಿನ ಕೆಳಗೆ ಇಣುಕಿದೆ. ಚಪ್ಪಲಿ ಕಾಲಲ್ಲೇ ಇತ್ತು.